ಹಂದರದ ಶಾಸ್ತ್ರ

ಶಾಸ್ತ್ರವೆಂಬ ಮಾತಿಗೆ ನಮ್ಮ ಭಾಗದಲ್ಲಿ ಎರಡು ಅರ್ಥಗಳುಂಟು. ಪಾಠಶಾಲೆಯಲ್ಲಿ ಓದಿದವನಿಗೆ ಅದು ಗ್ರಂಥ. ಋಷಿಗಳ ಹೆಸರಿನಲ್ಲಿ ಬಂದ ಸೂತ್ರ, ಅದರ ಮೇಲಣ ಭಾಷ್ಯ. ಆದರೆ ಹಂದರ ಹಾಕಿದ ಮನೆಯಲ್ಲಿ ‘ಶಾಸ್ತ್ರ ಆತೇನು?’ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೂ ಗ್ರಂಥಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಹಾಲಗಂಬ ನೆಟ್ಟರೇ, ಬೀಸುಕಲ್ಲಿಗೆ ಪೂಜೆಯಾಯಿತೇ, ಕುಂಬಾರರ ಮನೆಯಿಂದ ಐರಾಣಿ ಬಂದಿತೇ, ಸುರಗಿಯ ನೂಲು ಸುತ್ತಿದರೇ ಎಂಬುದೇ ಆ ಮಾತಿನ ತಾತ್ಪರ್ಯ. ಮೊದಲನೆಯ ಶಾಸ್ತ್ರವನ್ನು ಪುರೋಹಿತರು ಬಲ್ಲರು, ಎರಡನೆಯದನ್ನು ಮನೆಯ ಹಿರಿಯ ಹೆಂಗಸು ಬಲ್ಲಳು. ಇಬ್ಬರೂ ಒಬ್ಬರ ಸೀಮೆಯಲ್ಲಿ ಒಬ್ಬರು ಕಾಲಿಡದೆ ತಲೆತಲಾಂತರದಿಂದ ಮದುವೆಗಳನ್ನು ಮಾಡಿಕೊಂಡು ಬಂದಿದ್ದಾರೆ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಆಳಂದದಲ್ಲಿ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದ ನನಗೆ, ಈ ಎರಡು ಶಾಸ್ತ್ರಗಳನ್ನು ಒಂದೇ ಹಂದರದಲ್ಲಿ ಕೂಡಿಸುವ ಕೆಲಸವು ಕಳೆದ ವರ್ಷ ಬಂದೊದಗಿತು. ಅಫಜಲಪುರದಲ್ಲಿರುವ ನನ್ನ ತಂಗಿಯ ಮಗಳು ಕಲಬುರಗಿಯ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಹುಡುಗನು ಜೇವರ್ಗಿ ತಾಲ್ಲೂಕಿನ ಭೀಮಾತೀರದ ಒಂದು ಹಳ್ಳಿಯವನು. ಕೃಷಿಶಾಸ್ತ್ರವನ್ನು ಓದಿ, ನೌಕರಿಯನ್ನರಸದೆ, ಮನೆಯ ಹೊಲದಲ್ಲಿಯೇ ತೊಗರಿ ಜೋಳಗಳನ್ನು ಬೆಳೆಯುತ್ತಾನೆ. ಜಾತಿ ಬೇರೆ ಬೇರೆ. ನಮ್ಮ ಮನೆಯಲ್ಲಿ ಅಗ್ನಿಸಾಕ್ಷಿಯ ಪದ್ಧತಿ, ಅವರ ಮನೆಯಲ್ಲಿ ಗುರುಜಂಗಮರ ಸಾಕ್ಷಿಯ ಪದ್ಧತಿ. ತಂಗಿಯ ಯಜಮಾನರು ತೀರಿಕೊಂಡು ಆರು ವರ್ಷಗಳಾಗಿದ್ದವು. ಅವಳು ಹೆಚ್ಚು ಮಾತಾಡದೆ ಒಪ್ಪಿದಳು. ಹುಡುಗನ ತಂದೆತಾಯಿಗಳು ಕೆಲವು ದಿನ ಮಾತುಬಿಟ್ಟು ಕೊನೆಗೆ ಒಪ್ಪಿದರು.

ಒಂದು ಭಾನುವಾರ ಇಬ್ಬರೂ ಆಳಂದಕ್ಕೆ ಬಂದು ನನ್ನೆದುರು ಕುಳಿತರು. ಸೊಸೆಯೇ ಬಾಯ್ದೆರೆದಳು: “ಮಾಮಾ, ನಮಗ ತಿಳಿಯಲಾರದ ಮಂತ್ರ ಬ್ಯಾಡ. ಹಂಗಂತ ಬರೇ ಆಫೀಸಿನಾಗ ಸಹಿ ಮಾಡಿ ಬರೋದೂ ಬ್ಯಾಡ. ಏನ್ ಮಾಡ್ತೀವಿ ಅನ್ನೋದು ಮಾಡೋರಿಗೆ ತಿಳೀಬೇಕು, ನೋಡೋರಿಗೂ ತಿಳೀಬೇಕು. ಅಂಥಾದೊಂದು ಮದುವಿ ಕೂಡಿಸಿ ಕೊಡ್ರಿ.”

ಹೀಗೆ ಕೇಳಿದವರಲ್ಲಿ ಇವರೇ ಮೊದಲಿಗರಲ್ಲವೆಂಬುದನ್ನು ನಾನು ಅವರಿಗೆ ಮೊದಲು ಹೇಳಿದೆನು. ಆಳಂದದ ಈಶಾನ್ಯಕ್ಕೆ, ಒಂದೆರಡು ತಾಸಿನ ಹಾದಿಯಲ್ಲಿ, ಬಸವಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹದ ಕಥೆಯನ್ನು ಶರಣ ಪರಂಪರೆಯು ಇಂದಿಗೂ ಹೇಳುತ್ತದೆ. ಚರ್ಮಕಾರನ ಮನೆಗೆ ಬ್ರಾಹ್ಮಣಮಂತ್ರಿಯ ಮನೆಯ ಹೆಣ್ಣು ಹೋದಳೆಂಬ ಕಾರಣಕ್ಕೆ ಎರಡೂ ಕಡೆಯ ತಂದೆಗಳು ಪ್ರಾಣ ತೆರಬೇಕಾಯಿತಂತೆ. ಪಶ್ಚಿಮದ ನೆರೆನಾಡಾದ ಮಹಾರಾಷ್ಟ್ರದಲ್ಲಿ ಜೋತಿಬಾ ಫುಲೆಯವರು 1873ರಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿ, ಪುರೋಹಿತರಿಲ್ಲದೆ ವಧೂವರರೇ ಪ್ರತಿಜ್ಞೆ ಮಾಡುವ ವಿವಾಹಗಳನ್ನು ನಡೆಯಿಸಿದರು. ನಮ್ಮ ಕನ್ನಡದಲ್ಲಿಯೇ ಕುವೆಂಪುರವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರಿಗೂ ರಾಜೇಶ್ವರಿಯವರಿಗೂ 1966ರಲ್ಲಿ ತಾವೇ ಮುಂದೆ ನಿಂತು ಮದುವೆ ಮಾಡಿದರು. ಮಂತ್ರಮಾಂಗಲ್ಯವೆಂಬ ಆ ಕ್ರಮವು ಅಂದಿನಿಂದ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಅದರಲ್ಲಿ ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ವಧೂವರರು ಅರ್ಥವರಿತು ಹೇಳುವ ವಚನಗಳಿವೆ. ಬಸವತತ್ತ್ವವನ್ನು ಹಿಡಿದ ಅನೇಕ ಮಠಗಳಲ್ಲಿ ಶರಣರ ವಚನಗಳನ್ನೇ ಮಂತ್ರಗಳಾಗಿ ಓದಿ ಕಲ್ಯಾಣ ಮಾಡಿಸುವ ರೂಢಿಯೂ ಬೆಳೆದಿದೆ.

ಇವುಗಳಲ್ಲೊಂದನ್ನು ಇದ್ದಕ್ಕಿದ್ದಂತೆ ತಂದುಕೊಂಡರಾಗದೇ ಎಂದು ಹುಡುಗನು ಕೇಳಿದನು. ಆಗಬಾರದೆಂದೇನೂ ಇಲ್ಲ. ಆದರೆ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುವುದಾದರೆ, ಮಲೆನಾಡಿನ ಆ ಸರಳ ಮದುವೆಯ ಸೊಬಗು ಇರುವುದು ಕೆಲವೇ ಜನರ ಸನ್ನಿಧಿಯಲ್ಲಿ. ನಮ್ಮ ಬಯಲುಸೀಮೆಯಲ್ಲಿ ಮದುವೆಯೆಂದರೆ ಓಣಿಗೆ ಓಣಿಯೇ ಬಂದು ಕೂಡುವ ಕೆಲಸ. ಪುರೋಹಿತರನ್ನು ಬಿಟ್ಟರೆ ಯಾರೂ ಅಳುವುದಿಲ್ಲ; ಹೆಂಗಸರ ಹಾಡು, ಅರಿಷಿಣ, ಸುರಗಿಗಳನ್ನು ಬಿಟ್ಟರೆ ಮದುವೆಯೇ ಆಗಲಿಲ್ಲವೆನ್ನುತ್ತಾರೆ. ಮದುವೆಯನ್ನು ಸುಧಾರಿಸುವವರು ಏನನ್ನು ತೆಗೆದುಹಾಕಬೇಕೆಂಬುದನ್ನೇ ಬಹಳವಾಗಿ ಯೋಚಿಸುತ್ತಾರೆ. ಯಾರನ್ನು ಒಳಗೆ ಕರೆಯಬೇಕೆಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ.

ಮೊದಲು ಕಾಯಿದೆಯ ಮಾತು. ಏಕೆಂದರೆ ಗೃಹಸ್ಥರು ಇದನ್ನು ಅರಿಯದೆ ತೊಂದರೆಗೀಡಾಗುವುದನ್ನು ನಾನು ಕಂಡಿದ್ದೇನೆ. 1955ರ ಹಿಂದೂ ವಿವಾಹ ಕಾಯಿದೆಯು ಲಿಂಗಾಯತರನ್ನೂ ಒಳಗೊಳ್ಳುತ್ತದೆ. ವಧೂವರರಲ್ಲಿ ಯಾವುದಾದರೊಂದು ಕಡೆಯ ರೂಢಿಯ ವಿಧಿಗಳಿಂದ ಮದುವೆಯಾದರೆ ಸಾಕೆಂದು ಅದರ 7ನೆಯ ಕಲಮು ಹೇಳುತ್ತದೆ. ಆ ವಿಧಿಗಳಲ್ಲಿ ಸಪ್ತಪದಿಯಿದ್ದರೆ, ಅಗ್ನಿಯ ಮುಂದೆ ಏಳನೆಯ ಹೆಜ್ಜೆಯನ್ನಿಟ್ಟ ಕ್ಷಣಕ್ಕೆ ವಿವಾಹವು ಪೂರ್ಣವಾಗುವುದು. ಹಾರ ಬದಲಾಯಿಸಿದರೆ ಸಾಕೆಂಬ ತಿದ್ದುಪಡಿಯನ್ನು ತಮಿಳುನಾಡು 1967ರಲ್ಲಿ ಮಾಡಿಕೊಂಡಿತು; ಅದು ನಮ್ಮ ರಾಜ್ಯಕ್ಕೆ ಅನ್ವಯಿಸುವುದಿಲ್ಲ. ವಿಧಿಗಳೇ ನಡೆಯದೆ ಬರಿಯ ನೋಂದಣಿಪತ್ರ ಪಡೆದರೆ ಹಿಂದೂ ವಿವಾಹವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಸ್ಪಷ್ಟಪಡಿಸಿದೆ. ವಿಧಿಗಳೇ ಬೇಡವೆನ್ನುವವರಿಗೆ 1954ರ ವಿಶೇಷ ವಿವಾಹ ಕಾಯಿದೆಯ ದಾರಿಯುಂಟು. ಅದಕ್ಕೆ ಮೂವತ್ತು ದಿನ ಮುಂಚಿತವಾಗಿ ನೋಟೀಸು ಕೊಡಬೇಕು. ನಮ್ಮ ಮಕ್ಕಳಿಗೆ ವಿಧಿ ಬೇಕಾಗಿತ್ತು. ಆದಕಾರಣ ಸಪ್ತಪದಿಯನ್ನು ಅಗ್ನಿಯ ಮುಂದೆಯೇ ಮಾಡುವುದೆಂದೂ, ಬಳಿಕ ನೋಂದಾಯಿಸುವುದೆಂದೂ ನಿಶ್ಚಯಿಸಿದೆವು. ಹುಡುಗನ ಮನೆಯವರು ‘ಜ್ಯೋತಿಯೊಂದೇ ಸಾಲದೇ’ ಎಂದರು. ಕಾಯಿದೆಯ ಮಾತನ್ನು ತಿಳಿಸಿದ ಮೇಲೆ ಸುಮ್ಮನಾದರು.

ಇನ್ನು ಗ್ರಂಥದ ಮಾತು. ಗೃಹ್ಯಸೂತ್ರಗಳನ್ನು ಕೈಗೆತ್ತಿಕೊಂಡವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ವಿವಾಹಪ್ರಕರಣವನ್ನು ಆರಂಭಿಸುವಾಗ ಆಶ್ವಲಾಯನರು ಮೊದಲಿಗೆ ಹೇಳುವುದು ಯಾವ ಮಂತ್ರವನ್ನೂ ಅಲ್ಲ: ನಾಡುನಾಡಿನ, ಊರೂರಿನ ಧರ್ಮಗಳು ನಾನಾ ಬಗೆಯವು, ಮದುವೆಯಲ್ಲಿ ಅವುಗಳನ್ನೇ ಅನುಸರಿಸತಕ್ಕದ್ದು ಎಂಬ ಅರ್ಥದ ಸೂತ್ರವದು. ಆಪಸ್ತಂಬರು ಇನ್ನೂ ಮುಂದೆ ಹೋಗಿ, ಇಂಥ ಆಚಾರಗಳನ್ನು ಹೆಂಗಸರಿಂದ ಕೇಳಿ ತಿಳಿಯಬೇಕೆನ್ನುತ್ತಾರೆ. ಅಂದರೆ ಹಂದರದ ಶಾಸ್ತ್ರಕ್ಕೆ ಗ್ರಂಥದ ಶಾಸ್ತ್ರವೇ ತಲೆಬಾಗಿದೆ. ಇದನ್ನು ನಾನು ಸೊಸೆಗೆ ಓದಿ ಹೇಳಿದಾಗ ಅವಳು ನಕ್ಕು, “ಹಂಗಾದ್ರ ನೀವು ಗ್ರಂಥ ಮುಚ್ಚಿ ಅಡಿಗಿಮನಿಗೆ ಹೋಗ್ರಿ ಮಾಮಾ” ಎಂದಳು. ಮಾತು ವಿನೋದದ್ದಾದರೂ ಅದರಂತೆಯೇ ಮಾಡಬೇಕಾಯಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಕನ್ಯಾದಾನವನ್ನು ಅವಳು ಮೊದಲೇ ಬೇಡವೆಂದಿದ್ದಳು. ‘ದಾನ ಕೊಡಲಿಕ್ಕೆ ನಾನೇನು ಆಕಳಲ್ಲ’ ಎಂಬುದು ಒಂದು ಕಾರಣ. ಎರಡನೆಯ ಕಾರಣ ಇದಕ್ಕಿಂತ ಆಳವಾದದ್ದು. ತಂದೆಯಿಲ್ಲದ ಮದುಮಗಳನ್ನು ಧಾರೆಯೆರೆಯಲು ರೂಢಿಯಲ್ಲಿ ದೊಡ್ಡಪ್ಪ ದೊಡ್ಡಮ್ಮನೋ, ಸೋದರಮಾವ ಅತ್ತೆಯೋ ಜೋಡಿಯಾಗಿ ಕೂಡಬೇಕು; ಹೆತ್ತ ತಾಯಿ ಒಳಗಿನ ಕೋಣೆಯಲ್ಲಿರಬೇಕು. ಕನ್ಯಾದಾನವು ವಿವಾಹಕ್ಕೆ ಅತ್ಯಾವಶ್ಯಕವಲ್ಲವೆಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು 2024ರಲ್ಲಿ ಹೇಳಿರುವುದರಿಂದ ಕಾಯಿದೆಯ ತೊಡಕೇನೂ ಇರಲಿಲ್ಲ. ಅದರ ಬದಲು ಎರಡೂ ಮನೆಗಳ ಹಿರಿಯರು ಕೂಡಿ ಇಬ್ಬರ ಕೈಗಳನ್ನೂ ಒಂದರ ಮೇಲೊಂದಿಟ್ಟು ನೀರೆರೆಯುವುದೆಂದು ಗೊತ್ತುಮಾಡಿದೆವು. ಯಾರೂ ಯಾರನ್ನೂ ಯಾರಿಗೂ ಕೊಡುವುದಿಲ್ಲ, ಕೂಡಿಸುತ್ತಾರೆ.

ಆ ನೀರಿನ ಯೋಚನೆ ಹುಡುಗನದು. ನಮ್ಮ ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಕೂಡಿದ ನೀರು ಮುಂದೆ ಜೇವರ್ಗಿಯ ಸೀಮೆಗೆ ಹರಿಯುತ್ತದೆ. ಮಾವನ ಊರಿನ ನೀರು, ಮದುಮಗಳ ಊರಿನ ಸಂಗಮ, ಮದುಮಗನ ಊರಿನ ಹೊಳೆ! ಭೂಗೋಳವೇ ಹೀಗೆ ಬೀಗತನ ಮಾಡಿಟ್ಟಿರುವಾಗ ಗಂಗೆಯ ಗಿಂಡಿಯನ್ನು ಅಂಗಡಿಯಿಂದ ತರುವುದೇಕೆ? ಕೋರಹಳ್ಳಿಯ ಜಲಾಶಯದಿಂದ ಒಂದು ತಂಬಿಗೆ, ಸಂಗಮದಿಂದ ಒಂದು, ಅವರ ಹೊಲದ ಕೆಳಗಿನ ಹೊಳೆಯಿಂದ ಒಂದು, ಹೀಗೆ ಮೂರು ತಂಬಿಗೆ ನೀರು ಬಂದಿತು. ಬೇಸಿಗೆಯಾದ್ದರಿಂದ ಮೂರನೆಯದನ್ನು ಮಡುವಿನಿಂದ ತುಂಬಬೇಕಾಯಿತೆಂದು ಹುಡುಗನು ಹೇಳಿದನು.

ಅಶ್ಮಾರೋಹಣವೆಂದು ಇನ್ನೊಂದು ವಿಧಿಯುಂಟು. ಕಲ್ಲಿನಂತೆ ಸ್ಥಿರಳಾಗೆಂದು ವಧುವನ್ನು ಕಲ್ಲಿನ ಮೇಲೆ ನಿಲ್ಲಿಸುತ್ತಾರೆ. ಸ್ಥಿರತೆಯು ಒಬ್ಬಳಿಗೇ ಏಕೆ ಬೇಕೆಂದು ಸೊಸೆ ಕೇಳಿದ್ದು ನ್ಯಾಯವಾಗಿಯೇ ಇತ್ತು. ಅಗಲವಾದ ಒಂದು ಶಹಾಬಾದಿ ಫರ್ಸಿಯನ್ನು ತರಿಸಿ ಇಬ್ಬರನ್ನೂ ಅದರ ಮೇಲೆ ನಿಲ್ಲಿಸುವುದೆಂದಾಯಿತು. ನಮ್ಮ ಜಿಲ್ಲೆಯ ಮನೆಮನೆಯ ನೆಲವೂ ಅದೇ ಕಲ್ಲು. ಹುಟ್ಟಿದ ಮಗು ಮೊದಲು ಅಂಬೆಗಾಲಿಡುವುದೂ ಅದರ ಮೇಲೆಯೇ. ಲಾಜಹೋಮಕ್ಕೆ ಭತ್ತದ ಅರಳಿನ ಬದಲು ಜೋಳದ ಅಳ್ಳು. ಇಷ್ಟಕ್ಕೆ ನಿಲ್ಲದೆ ಅಕ್ಷತೆಗೂ ಜೋಳವನ್ನೇ ಮಾಡೋಣವೆಂದು ಹುಡುಗನು ಹುರುಪಿನಿಂದ ಹೇಳಿದಾಗ ಮಾತ್ರ ಅವನ ಅಜ್ಜಿಯು, “ಅಕ್ಕಿಕಾಳ ಅಂದ್ರ ಅಕ್ಕಿಕಾಳ. ಜೋಳ ಒಗದ್ರ ಕೋಳಿ ಬರ್ತಾವ” ಎಂದು ಆ ಪ್ರಸಂಗವನ್ನು ಮುಗಿಸಿಬಿಟ್ಟರು.

ಸಪ್ತಪದಿಗೆ ನಾವು ಹೆಚ್ಚು ಹೊತ್ತು ಕೊಟ್ಟೆವು. ಬೆಂಕಿಯ ಸುತ್ತ ಸುತ್ತುವುದೇ ಸಪ್ತಪದಿಯೆಂದು ಈಗ ಬಹುಜನರು ತಿಳಿದಿದ್ದಾರೆ, ಚಲಚ್ಚಿತ್ರಗಳ ಪ್ರಭಾವವಿರಬೇಕು. ಸೂತ್ರದಲ್ಲಿ ಅದು ಸುತ್ತಲ್ಲ, ಈಶಾನ್ಯದ ಕಡೆಗೆ ಮುಂದೆ ಮುಂದೆ ಇಡುವ ಏಳು ಹೆಜ್ಜೆ. ಒಂದನೆಯದು ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಸಂತತಿಗೆ, ಆರನೆಯದು ಋತುಗಳಿಗೆ, ಏಳನೆಯದು ಸಖ್ಯಕ್ಕೆ. ಪ್ರತಿಯೊಂದು ಹೆಜ್ಜೆಗೂ ಸಂಸ್ಕೃತದ ಅರ್ಥವನ್ನು ನಾನು ಹೇಳುವುದು, ಅದಕ್ಕೆ ತಮ್ಮ ಮಾತಿನಲ್ಲಿ ಇಬ್ಬರೂ ಒಂದೊಂದು ಪ್ರತಿಜ್ಞೆಯನ್ನು ಕೊಡುವುದು, ಹೀಗೆಂದು ಗೊತ್ತಾಯಿತು. ‘ಏನು ಹೇಳಬೇಕೆಂದು ನನ್ನನ್ನು ಕೇಳಬೇಡಿರಿ, ಬರೆದು ತನ್ನಿರಿ’ ಎಂದೆನು. ಮಾಸ್ತರಿಕೆಯ ಚಾಳಿ ಸುಲಭವಾಗಿ ಬಿಡುವುದಿಲ್ಲ.

ಹದಿನೈದು ದಿನಗಳ ಮೇಲೆ ತಂದ ಹಾಳೆಯಲ್ಲಿ ಅನ್ನ ಬಲಗಳ ಮಾತು ಎಲ್ಲರೂ ಬರೆಯುವಂಥದೇ. ಆರನೆಯ ಹೆಜ್ಜೆಯಲ್ಲಿ ನನ್ನ ಕಣ್ಣು ನಿಂತಿತು. “ಮಾಮಾ, ಆರನೇ ಹೆಜ್ಜಿ ನಮ್ಮ ಸೀಮಿಗೇ ಬರದಾರ” ಎಂದನು ಹುಡುಗ. ಮಳೆಯು ಕೈಕೊಟ್ಟ ವರ್ಷ, ಇಲ್ಲವೆ ತೊಗರಿಯ ಬೆಲೆ ಬಿದ್ದ ವರ್ಷ, ಸಾಲದ ಸುದ್ದಿಯನ್ನು ಹೆಂಡತಿಯಿಂದ ಮುಚ್ಚಿಡುವುದಿಲ್ಲವೆಂಬುದು ಅವನ ಪ್ರತಿಜ್ಞೆ. ಅಂಥ ವರ್ಷದಲ್ಲಿ ತನ್ನ ಸಂಬಳವನ್ನು ಮಾತಿನಲ್ಲಿ ಎತ್ತಿ ಆಡುವುದಿಲ್ಲವೆಂಬುದು ಅವಳದು. ಒಕ್ಕಲುತನದ ಮನೆಗಳಲ್ಲಿ ಗಂಡಸರು ಸಾಲವನ್ನು ನುಂಗಿಕೊಂಡು ಕುಳಿತು, ಕೊನೆಗೆ ಮನೆಯವರಿಗೆ ಅದು ಯಾವ ರೀತಿಯಲ್ಲಿ ತಿಳಿಯುತ್ತದೆಂಬುದನ್ನು ಈ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗ್ರಂಥದಲ್ಲಿ ‘ಋತುಗಳಿಗೆ’ ಎಂದು ಒಂದೇ ಮಾತಿದೆ. ಆ ಒಂದು ಮಾತಿಗೆ ಭಾಷ್ಯವನ್ನು ನಾನು ಎಷ್ಟೋ ಸಲ ಓದಿದ್ದೆನು. ಇಂಥ ಭಾಷ್ಯವನ್ನು ಎಲ್ಲಿಯೂ ಕಂಡಿರಲಿಲ್ಲ.

ದಿನದ ವಿಷಯದಲ್ಲಿ ಜಗಳವಾಗಲಿಲ್ಲ. ಅಕ್ಷಯ ತೃತೀಯೆಯೂ ಬಸವಜಯಂತಿಯೂ ಒಂದೇ ದಿನ. ಅದು ಮೂರೂವರೆ ಮುಹೂರ್ತಗಳಲ್ಲೊಂದಾದ್ದರಿಂದ ಪಂಚಾಂಗ ನೋಡುವವರಿಗೆ ಸಮಾಧಾನ. ನೋಡದವರಿಗೆ ಬಸವಣ್ಣನ ದಿನವೆಂದು ಸಮಾಧಾನ. ಬಿಸಿಲು ಮಾತ್ರ ಯಾವ ಮತದವರಿಗೂ ರಿಯಾಯಿತಿ ತೋರುವುದಿಲ್ಲ. ಆದಕಾರಣ ಬೆಳಗಿನ ಎಂಟು ಗಂಟೆಗೆಲ್ಲ ವಿಧಿಗಳು ಮುಗಿಯತಕ್ಕದ್ದೆಂದು ಗೊತ್ತುಮಾಡಿದೆವು. ಹುಂಡಾ, ಬಂಗಾರ, ಬೀಗರ ಉಡುಗೊರೆ ಒಂದೂ ಇಲ್ಲ. ಊಟಕ್ಕೆ ಹೋಳಿಗೆ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ.

ತೊಡಕು ಬಂದದ್ದು ಲಗ್ನಪತ್ರಿಕೆಯನ್ನು ಬರೆಯುವಾಗ. ನಮ್ಮ ಗಡಿಭಾಗದಲ್ಲಿ ಮರಾಠಿಯ ಪದ್ಧತಿಯಂತೆ ಮುತ್ತೈದೆಯ ಹೆಸರಿನ ಹಿಂದೆ ‘ಸೌ.’ ಎಂದೂ, ಗಂಡನಿಲ್ಲದವಳ ಹೆಸರಿನ ಹಿಂದೆ ‘ಗಂ. ಭಾ.’ ಎಂದೂ ಹಾಕುವ ವಾಡಿಕೆ ಇನ್ನೂ ಅಲ್ಲಲ್ಲಿ ಉಳಿದಿದೆ. ಎರಡನೆಯದರ ವಿಸ್ತಾರ ಗಂಗಾಭಾಗೀರಥಿಯೆಂದು. ಹೆಸರು ಪವಿತ್ರ, ಇಟ್ಟ ಉದ್ದೇಶ ಮಾತ್ರ ಗುರುತು ಹಚ್ಚುವುದು. ಸೊಸೆಯು ಎರಡನ್ನೂ ಹೊಡೆದುಹಾಕಿ, ಎಲ್ಲ ಹೆಂಗಸರಿಗೂ ‘ಶ್ರೀಮತಿ’ ಎಂದು ಬರೆದು, ಆಮಂತ್ರಿಸುವವರ ಸ್ಥಾನದಲ್ಲಿ ತಾಯಿಯ ಹೆಸರನ್ನೇ ಮೊದಲಿಟ್ಟಳು. ಆ ಕಾಗದವನ್ನು ಓದಿ ನನ್ನ ತಂಗಿಯು ಅಂಜಿಕೊಂಡಳು. ಪತ್ರಿಕೆಯಲ್ಲಿ ಹೆಸರು ಬೇಡ, ಕೈಕೂಡಿಸುವಾಗ ತಾನು ಬೇಡ, ಅರಿಷಿಣ ಹಚ್ಚುವ ಕಡೆಗೆ ತಾನು ಬರುವುದೇ ಇಲ್ಲವೆಂದಳು. ನಾನು ಒಬ್ಬನೇ ಇದ್ದಾಗ ಹೇಳಿದ ಮಾತು ಇದು: “ನನ್ನ ನೆರಳು ಆಕಿ ಮ್ಯಾಲ ಬೀಳಬಾರದು ಅಣ್ಣಾ. ನಾಳೆ ಏನರೆ ಆದ್ರ, ಯಾರು ಏನೂ ಅನ್ನದಿದ್ರೂ, ನನ್ನ ಮನಸ್ಸೇ ನನ್ನ ಕೊಲ್ತದ.”

ಮಗಳದು ಇನ್ನೊಂದು ಹಟ. ಅವ್ವ ಹಂದರದಲ್ಲಿ ಕೂಡದಿದ್ದರೆ ತಾನೂ ಕೂಡುವುದಿಲ್ಲ. ಇತ್ತ ಧಾರೆಗೆ ತಾನು ಕೂಡಬೇಕೆಂದಿದ್ದ ಹುಡುಗಿಯ ದೊಡ್ಡಪ್ಪನು, ಇದು ಆ ಮನೆಯ ಪದ್ಧತಿಯೂ ಅಲ್ಲ ಈ ಮನೆಯ ಪದ್ಧತಿಯೂ ಅಲ್ಲವೆಂದು ಹೇಳಿಕಳಿಸಿದನು.

ತಂಗಿಯನ್ನು ಗ್ರಂಥದಿಂದ ಒಪ್ಪಿಸಬಹುದೇ ಎಂದು ಹುಡುಕಿದೆನು. ಇಲ್ಲಿ ಪಕ್ಷಪಾತವಿಲ್ಲದೆ ಹೇಳಬೇಕು. ಸುಮಂಗಲಿಯೆಂಬ ಶಬ್ದವು ಋಗ್ವೇದದ ವಿವಾಹಸೂಕ್ತದಲ್ಲಿ ಬಂದಿದೆ. ಅಲ್ಲಿ ಅದು ಮದುಮಗಳನ್ನೇ ಕುರಿತದ್ದು, ಈ ಮಂಗಳೆಯನ್ನು ಎಲ್ಲರೂ ಬಂದು ನೋಡಿರೆಂದು ಕರೆಯುವ ಸಂದರ್ಭ. ನೋಡಲು ಬರುವವರಲ್ಲಿ ಯಾರು ಬೇಕು ಯಾರು ಬೇಡವೆಂಬ ವಿಂಗಡಣೆ ಆ ಕರೆಯಲ್ಲಿಲ್ಲ. ಆದರೆ ಶಾಂಖಾಯನರ ಗೃಹ್ಯಸೂತ್ರದಲ್ಲಿ ಮದುವೆಯ ಮನೆಯಲ್ಲಿ ಕುಣಿಯುವ ಹೆಂಗಸರು ಅವಿಧವೆಯರಾಗಿರಬೇಕೆಂದಿದೆ. ಮದುಮಗಳು ಆ ರಾತ್ರಿ ತಂಗಬೇಕಾದ ಮನೆಯ ಮುದುಕಿಯು ಗಂಡನುಳ್ಳವಳಾಗಿರಬೇಕೆಂದು ಆಶ್ವಲಾಯನರೂ ಹೇಳುತ್ತಾರೆ. ಹೆತ್ತ ತಾಯಿ ಬಾಗಿಲ ಹಿಂದಿರಬೇಕೆಂದು ಅಲ್ಲಿಲ್ಲ. ಇದ್ದರೂ ನನ್ನ ತಂಗಿಗೆ ಸೂತ್ರದ ಅರ್ಥದಿಂದ ಧೈರ್ಯ ಬರುವಂತಿರಲಿಲ್ಲ. ಅವಳ ಅಂಜಿಕೆಯು ಗ್ರಂಥದಿಂದ ಬಂದದ್ದಲ್ಲ, ಓಣಿಯಿಂದ ಬಂದದ್ದು. ಓಣಿಯ ಶಾಸ್ತ್ರವನ್ನು ಯಾರಿಂದ ತಿಳಿಯಬೇಕೆಂಬುದನ್ನು ಆಪಸ್ತಂಬರು ಹೇಳಿದ್ದಾರಷ್ಟೆ.

ಹೀಗಾಗಿ ಜೇವರ್ಗಿಯ ಹಾದಿ ಹಿಡಿದೆನು. ಜೋಳದ ಅಕ್ಷತೆಯನ್ನು ತಳ್ಳಿಹಾಕಿದ ಆ ಅಜ್ಜಿಯನ್ನು ಮನೆಮಂದಿಯೆಲ್ಲ ಆಯಿಯೆಂದು ಕರೆಯುತ್ತಾರೆ. ಎಂಬತ್ತು ದಾಟಿದ ವಯಸ್ಸು, ಒಂದು ಕಣ್ಣಿನಲ್ಲಿ ಪೊರೆ. ಸುತ್ತಿನ ಹಳ್ಳಿಗಳಲ್ಲಿ ಸೋಬಾನೆಯ ಹಾಡುಗಳನ್ನು ಅವರಷ್ಟು ಬಲ್ಲವರಿಲ್ಲವೆಂದು ಹುಡುಗನು ಹೇಳಿದ್ದನು. ಅವರ ಮುಂದೆ ಕುಳಿತು, “ಆಯಿ, ಮದುವಿಯೊಳಗ ಏನೇನು ಶಾಸ್ತ್ರ ಅವ, ನೀವು ಹೇಳ್ರಿ, ನಾ ಬರಕೋತೀನಿ” ಎಂದೆನು. ಗಂಡಸರು ಹೀಗೆ ಕೇಳಿದ್ದನ್ನು ಅವರು ಕಂಡಿರಲಿಲ್ಲವೆಂದು ತೋರುತ್ತದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಬಳಿಕ ಹಂದರದ ಕಂಬದಿಂದ ಹಿಡಿದು ಉಡಿ ತುಂಬುವವರೆಗೆ ಒಂದೊಂದಾಗಿ ಹೇಳಿದರು. ಪ್ರತಿಯೊಂದಕ್ಕೂ ಒಂದು ಹಾಡು. ಸುರಗಿಯ ನಾಲ್ಕು ತಂಬಿಗೆಗಳ ಹಾಡನ್ನು ಹೇಳುವಾಗ ದನಿ ಏರಿತು. ನಡುವೆ ತಟ್ಟನೆ ನಿಲ್ಲಿಸಿದರು.

“ಇದು ಹಂದರದಾಗ ಹಾಡೋದು. ನಾ ಹಂದರದಾಗ ಹಾಡಂಗಿಲ್ಲ ಮಾಸ್ತರಪ್ಪಾ. ಅವರು ಹೋಗಿ ನಲವತ್ತು ವರ್ಷ ಆತು. ಒಳಗ ಕುಂತು ಹಾಡ್ತೀನಿ, ಹೊರಗಿನವರು ಕೇಳಿ ಅಂತಾರ.”

ಅಂತಾರ ಎಂದರೆ ಅದನ್ನು ಹಿಡಿದು ತಾವೂ ಹಾಡುತ್ತಾರೆ. ನಲವತ್ತು ವರ್ಷಗಳಿಂದ ಆ ಊರಿನ ಮದುವೆಗಳ ಹಾಡು ಬಾಗಿಲ ಹಿಂದಿನಿಂದ ಹೊರಟು ಹಂದರಕ್ಕೆ ಬರುತ್ತಿತ್ತು! ನಾನು ಆಗ ತಂಗಿಯ ಸಂಗತಿಯನ್ನು ಹೇಳಿದೆನು. ನೆರಳಿನ ಮಾತನ್ನೂ ಹೇಳಿದೆನು. ಆಯಿಯವರು ಎಲೆಯಡಿಕೆಯ ಚೀಲವನ್ನು ಕಟ್ಟಿ ಪಕ್ಕಕ್ಕಿಟ್ಟು ಬೇರೇನನ್ನೂ ಮಾತಾಡಲಿಲ್ಲ. ನಾನು ಹೊರಡುವಾಗ ಮಾತ್ರ, ಅರಿಷಿಣ ಹಚ್ಚುವ ದಿನ ಯಾವುದೆಂದು ಕೇಳಿದರು.

ಗಂಡಿನ ಮನೆಯ ಹಿರಿಯಳು ಹೆಣ್ಣಿನ ಮನೆಯ ಅರಿಷಿಣಕ್ಕೆ ಬರುವ ವಾಡಿಕೆಯಿಲ್ಲ. ಆದರೂ ಮದುವೆಯ ಹಿಂದಿನ ದಿನ ಬೆಳಿಗ್ಗೆ ಮೊಮ್ಮಗನ ಗಾಡಿಯಲ್ಲಿ ಕುಳಿತು ಅಫಜಲಪುರಕ್ಕೆ ಬಂದಿಳಿದರು. ಓಣಿಯ ಹೆಂಗಸರು ಸೇರಿದ್ದರು. ತಂಗಿಯು ಅಡುಗೆಯ ಮನೆಯಲ್ಲಿದ್ದಳು. ಆಯಿ ಅರಿಷಿಣದ ಬಟ್ಟಲನ್ನು ಎತ್ತಿಕೊಂಡು ನೆಟ್ಟಗೆ ಒಳಗೆ ಹೋದರು. ಆಮೇಲೆ ನಡೆದದ್ದನ್ನು ನಾನು ನಡುಮನೆಯಿಂದ ಕಂಡೆನು. ತಂಗಿಯ ಕೈಹಿಡಿದು, ಅಂಗೈಯನ್ನು ಬಿಡಿಸಿ, ಬಟ್ಟಲಿನಲ್ಲಿ ಅದ್ದಿಸಿದರು. “ಒಂಬತ್ತು ತಿಂಗಳು ಹೊಟ್ಟ್ಯಾಗ ಇಟಕೊಂಡಾಗ ಬೀಳಲಾರದ ನೆರಳು ಈಗ ಎಲ್ಲಿಂದ ಬೀಳ್ತದವ್ವ? ನಡಿ. ನಿನ್ನ ಕೂಡ ನಾ ಹಚ್ಚತೀನಿ. ಏನರೆ ಆಗೋದಿದ್ರ ನನ್ನ ಮೊಮ್ಮಗಗೂ ಆಗಲಿ.”

ಆ ಕೊನೆಯ ಮಾತಿಗೆ ಎಷ್ಟು ಬೆಲೆಯೆಂಬುದನ್ನು ಮಕ್ಕಳು ಮೊಮ್ಮಕ್ಕಳುಳ್ಳ ಗೃಹಿಣಿಯರು ಬಲ್ಲರು. ಇಬ್ಬರೂ ಕೂಡಿ ಹೊರಗೆ ಬಂದರು. ಮೊದಲ ಅರಿಷಿಣವನ್ನು ತಂಗಿ ಹಚ್ಚಿದಳು, ಎರಡನೆಯದನ್ನು ಆಯಿ. ಬಳಿಕ ಚಾಪೆಯ ಮೇಲೆ ಎಲ್ಲರ ನಡುವೆ ಕುಳಿತು ಆಯಿ ಹಾಡನ್ನು ಎತ್ತಿಕೊಂಡರು. ಹಾಡನ್ನು ಹಿಡಿಯಲು ಹೆಂಗಸರಿಗೆ ಸ್ವಲ್ಪ ತಡವಾಯಿತು. ಇಬ್ಬರು ಎದ್ದು ಕುಂಕುಮವನ್ನೂ ತೆಗೆದುಕೊಳ್ಳದೆ ಹೊರಟುಹೋದರು. ಉಳಿದವರು ಹಿಡಿದರು.

ಮರುದಿನದ ಹಂದರದಲ್ಲಿ ಸಪ್ತಪದಿಯ ಅಗ್ನಿಯನ್ನು ಬೆಂಕಿಪೆಟ್ಟಿಗೆಯಿಂದ ಹೊತ್ತಿಸಲಿಲ್ಲ. ಹೋಳಿಗೆಯ ಹೂರಣ ಬೇಯುತ್ತಿದ್ದ ಒಲೆಯಿಂದ ಕೆಂಡವನ್ನು ತೆಗೆದು, ಮಣ್ಣಿನ ಅಗ್ಗಿಷ್ಟಿಕೆಯಲ್ಲಿಟ್ಟು, ತಂಗಿಯೇ ಹೊತ್ತು ತಂದಳು. ಇದು ಹಿಂದಿನ ರಾತ್ರಿ ಅವಳಾಗಿ ಕೇಳಿಕೊಂಡ ಕೆಲಸ. ಕೆಂಡದಲ್ಲಿ ಜೋಳದ ಅಳ್ಳು ಸಿಡಿದವು. 1955ರ ಕಾಯಿದೆಯ ಪ್ರಕಾರ ಮದುವೆಯನ್ನು ಪೂರ್ಣಗೊಳಿಸಿದ ಏಳನೆಯ ಹೆಜ್ಜೆಯು ಆ ಬೆಂಕಿಯ ಮುಂದೆಯೇ ಬಿದ್ದಿತು. ಆರನೆಯ ಹೆಜ್ಜೆಯ ಪ್ರತಿಜ್ಞೆಯನ್ನು ಹುಡುಗನು ಓದಿದಾಗ ಹಿಂದೆ ಕುಳಿತಿದ್ದ ಒಕ್ಕಲಿಗರಲ್ಲಿ ಗುಜುಗುಜು ನಿಂತಿತು. ಹೆಸರು ಹೇಳುವ ಒಡಪಿನ ವೇಳೆಗೆ ಮಾತ್ರ ನಗೆ ತಿರುಗಿ ಬಂದಿತು. ಹೆಂಡತಿಯ ಹೆಸರಿಗೆ ತೊಗರಿಯ ಹೊಟ್ಟನ್ನು ಪ್ರಾಸ ಕೂಡಿಸಹೋಗಿ ಹುಡುಗನು ಸಿಕ್ಕಿಬಿದ್ದನು. ದೊಡ್ಡಪ್ಪನು ಬರಲಿಲ್ಲ. ಅವನ ಮಕ್ಕಳು ಊಟದ ಹೊತ್ತಿಗೆ ಬಂದು ಉಂಡು ಹೋದರು.

ಅರುಂಧತಿಯನ್ನು ಹಗಲಿನಲ್ಲಿ ತೋರಿಸುವ ಸಂಪ್ರದಾಯವು ನನಗೆ ಎಂದೂ ಹಿಡಿಸಿಲ್ಲ. ಸುಡುಬಿಸಿಲಿನಲ್ಲಿ ಬೆರಳೆತ್ತಿ, ಕಾಣದ್ದನ್ನು ಕಂಡೆನೆಂದು ಮಕ್ಕಳ ಬಾಯಿಂದ ಹೇಳಿಸುವುದು ಒಳ್ಳೆಯ ಆರಂಭವಲ್ಲ. ರಾತ್ರಿ ಒಂಬತ್ತಕ್ಕೆ ಎಲ್ಲರನ್ನೂ ಮಾಳಿಗೆಗೆ ಕರೆದುಕೊಂಡು ಹೋದೆನು. ವೈಶಾಖದಲ್ಲಿ ಸಪ್ತರ್ಷಿಮಂಡಲವು ಆ ಹೊತ್ತಿಗೆ ಉತ್ತರದಲ್ಲಿ ಎತ್ತರವಾಗಿ ನಿಂತಿರುತ್ತದೆ. ಬಾಲದ ನಡುವಣ ನಕ್ಷತ್ರವೇ ವಸಿಷ್ಠ, ಅದಕ್ಕಂಟಿಕೊಂಡ ಮಿಣುಕು ಅರುಂಧತಿ. ಧ್ರುವನು ನಮ್ಮ ಸೀಮೆಗೆ ಬಹಳ ತಗ್ಗಿನಲ್ಲಿ, ದಿಗಂತದಿಂದ ಹದಿನೇಳು ಅಂಶಗಳಷ್ಟೇ ಮೇಲೆ ಇರುವುದರಿಂದ ಮರಗಳ ಮರೆ ತಪ್ಪಿಸಿ ಹುಡುಕಬೇಕಾಯಿತು. ಪೊರೆ ಬಂದ ಕಣ್ಣಿಗೆ ಅರುಂಧತಿ ಕಾಣಿಸಲಿಲ್ಲವೆಂದು ಆಯಿ ಹೇಳಿದರು. ನನ್ನ ತಂಗಿಯು ಅವರ ಬೆರಳನ್ನು ಹಿಡಿದು ಆ ಕಡೆಗೆ ತಿರುಗಿಸಿದಳು.

ವಾರದ ಮೇಲೆ ನೋಂದಣಿಗಾಗಿ ಕಚೇರಿಗೆ ಹೋದೆವು. ಗುಮಾಸ್ತರು ಲಗ್ನಪತ್ರಿಕೆಯನ್ನೂ ಸಪ್ತಪದಿಯ ಛಾಯಾಚಿತ್ರವನ್ನೂ ಕೇಳಿ ಪಡೆದು, ಸಾಕ್ಷಿಗಳು ಯಾರೆಂದರು. ತಂಗಿ ಮುಂದೆ ಬಂದು, ಸೆರಗಿನಿಂದ ಅಂಗೈಯ ಬೆವರನ್ನೊರಸಿಕೊಂಡು, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಉಗುರಿನ ಅಂಚಿನಲ್ಲಿ ಅರಿಷಿಣದ ಬಣ್ಣ ಇನ್ನೂ ಹೋಗಿರಲಿಲ್ಲ. ಹೊರಗೆ ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದ ಆಯಿ, “ಮುಗೀತೇನವ್ವ?” ಎಂದು ಕೇಳಿ, ಜೇವರ್ಗಿಯ ಬಸ್ಸಿಗೆ ಹೊತ್ತಾಯಿತೆಂದು ಕೋಲೂರಿ ಎದ್ದರು.